ಹುಳ ಸತ್ತದ್ದು ನಿನ್ನಿಂದಲ್ಲ

ಕೊಳ್ಳೇಗಾಲ
ನವೆಂಬರ್ ೧, ೨೦೨೧, ಸೋಮವಾರ

ಪ್ರೀತಿಯ ನಾಗಶ್ರೀ,

ನಿನ್ನ ಕೊಳ್ಳೇಗಾಲದ ಮಾವ ಪ್ರಭುಸ್ವಾಮಿ ಮಾಡುವ ಆಶೀರ್ವಾದ. ಮಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪೂರ್ತಿ ಓದಿ ನೀನೇ ತೀರ್ಮಾನಿಸು. ಬೇಡವೆನಿಸಿದರೆ ವಾಪಸ್ ಕಳಿಸು, ಬೇಸರವಿಲ್ಲ. ಆರೋಗ್ಯ ಹೇಗಿದೆ? ತವರಿಗೆ ಹೋಗುವಾಗ ಇದ್ದ ಕೆಮ್ಮು ವಾಸಿಯಾಯಿತೇ? ನಿಮ್ಮಪ್ಪ ಪುಟ್ಟಮಾದಪ್ಪನವರ ಮಂಡಿನೋವು ಹೇಗಿದೆ? ಈ ಸಾರಿಯೂ ಕಾಡುಹಂದಿಗಳು ಜೋಳಕ್ಕೆ ನುಗ್ಗಿದವೆಂದು ಲೊಕ್ಕನಹಳ್ಳಿ ಬಸ್ಸಿನ ಡ್ರೈವರ್ ಮಂಟೇಸ್ವಾಮಿ ಹೇಳಿದ. ನಿಮ್ಮ ಮನೆಯ ಸುದ್ದಿ ನನಗೆ ಅವನ ಬಾಯಿಂದಲೇ ಬರಬೇಕು, ಏಕೆಂದರೆ ನಿನಗೆ ಫೋನು ಮಾಡುವ ಮುಖ ನನಗಿಲ್ಲ. ಮೂರು ಸಲ ನಂಬರು ಒತ್ತಿದೆ. ಮೂರು ಸಲವೂ ನಿಮ್ಮೂರಿನ ಸಿಗ್ನಲ್ ಸಿಗಲಿಲ್ಲ. ಸಿಗದಿದ್ದಾಗ ನಾನು ಬೈದುಕೊಳ್ಳಲಿಲ್ಲ, ಬದುಕಿಕೊಂಡೆ ಅಂದುಕೊಂಡೆ. ಅದಕ್ಕೇ ಈ ಕಾಗದ. ಬಾಯಲ್ಲಿ ಹೇಳಿದ್ದನ್ನು ನಾಳೆ ಹಾಗಲ್ಲ ಹೀಗೆ ಎಂದು ತಿರುಗಿಸುವ ಚಾಳಿ ನನಗಿದೆ, ಬರೆದುಕೊಟ್ಟರೆ ತಿರುಗಿಸಲಾಗುವುದಿಲ್ಲ.

ಹೋದ ಸೋಮವಾರ ಚಿಕ್ಕ ಮಕ್ಕಳ ಶಾಲೆ ತೆರೆಯಿತು. ನನ್ನ ಮಗಳು ಇಂಚರ ನಿಮ್ಮ ಮಾಂಬಳ್ಳಿಯ ಮನೆಯಿಂದ ವಾಪಸ್ ಬಂದಿದ್ದಾಳೆ. ಒಂದನೇ ತರಗತಿಯಲ್ಲಿ ಹೊಲಿಸಿದ ಲಂಗ ಮಂಡಿಗಿಂತ ಗೇಣುದ್ದ ಮೇಲೆ ನಿಂತಿದೆ. ಎರಡನೇ ತರಗತಿಯ ಬಾಗಿಲನ್ನೇ ನೋಡದೆ ಮೂರನೆಯದರಲ್ಲಿ ಹೋಗಿ ಕೂತಿದ್ದಾಳೆ. ಮೊದಲ ದಿನವೇ ಮೇಡಂ ಮಗ್ಗಿ ಕೇಳಿದರಂತೆ. ಇಡೀ ತರಗತಿ ಐದರ ಮಗ್ಗಿಗೆ ತಿಣುಕುತ್ತಿದ್ದಾಗ ಇವಳು ಹದಿಮೂರರವರೆಗೂ ಒಪ್ಪಿಸಿದಳಂತೆ. ಯಾರು ಹೇಳಿಕೊಟ್ಟದ್ದು ಅಂದರೆ 'ನಾಗಕ್ಕ' ಅಂದಳಂತೆ. ಮನೆಗೆ ಬಂದು ಇದನ್ನು ಹೇಳಿದವಳು, ನಾಗಕ್ಕ ಯಾವಾಗ ಮಾಂಬಳ್ಳಿಗೆ ಬರುತ್ತಾಳೆ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನೊಬ್ಬನೇ, ಆದ್ದರಿಂದ ನಾನು ಎದ್ದು ನೀರು ಕುಡಿಯಲು ಹೋದೆ.

ಸುತ್ತಿ ಬಳಸುವುದು ಸಾಕು. ಆಗಸ್ಟಿನಲ್ಲಿ ಮಾಂಬಳ್ಳಿಯ ಹುಳುಮನೆಯಲ್ಲಿ ಅಷ್ಟೂ ರೇಷ್ಮೆ ಹುಳ ಸತ್ತದ್ದು ನಿನ್ನಿಂದಲ್ಲ. ನೀನು ಹೊರಗಾಗಿದ್ದಾಗ ಹೊಸಿಲು ದಾಟಿದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವು ಸತ್ತದ್ದು ನನ್ನ ಮಗಳ ಕೈಯಿಂದ, ಅದಕ್ಕೂ ಮೊದಲು ನನ್ನ ಬುದ್ಧಿವಂತಿಕೆಯಿಂದ. ಇದು ಗೊತ್ತಿದ್ದೂ ನಾನು ಎರಡೂವರೆ ತಿಂಗಳು ಸುಮ್ಮನಿದ್ದೆ. ನೀನು ತವರಿನಲ್ಲಿ ಕೂತು ನಿನ್ನನ್ನು ನೀನೇ ಶಪಿಸಿಕೊಳ್ಳುತ್ತಿರುವಾಗ ನಾನು ಇಲ್ಲಿ ಹನೂರಿನ ರೂಟಿನಲ್ಲಿ ಟಿಕೆಟ್ ಹರಿಯುತ್ತ ಜನರಿಗೆ ಪ್ರಾಸ ಕಟ್ಟಿ ನಗಿಸುತ್ತಿದ್ದೆ.

ಹೇಗಾಯಿತು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ. ಇದು ನನ್ನ ಸಮರ್ಥನೆಯಲ್ಲ. ನಿನಗೆ ಅರ್ಧ ಮಾತ್ರ ಗೊತ್ತಿರುವುದರಿಂದ ಇನ್ನರ್ಧ ಗೊತ್ತಾಗಲಿ ಎಂದು ಅಷ್ಟೆ. ಹೋದ ವರ್ಷ ಮಾರ್ಚಿನ ಒಂದು ಸಂಜೆ ಮೊಬೈಲಿಗೆ ಒಂದು ಸಾಲು ಬಂತು: ನಾಳೆಯಿಂದ ಶಾಲೆ ಇಲ್ಲ. ಎಲ್ಲಿಯವರೆಗೆ ಎನ್ನುವುದು ಆ ಸಾಲಿನಲ್ಲಿರಲಿಲ್ಲ. ಮೊದಲು ಬಸ್ಸೂ ನಿಂತಿದ್ದರಿಂದ ನಾನೇ ಮನೆಯಲ್ಲಿದ್ದೆ, ಅಪ್ಪ ಮಗಳು ಸೇರಿ ಚೌಕಾಬಾರ ಆಡಿ ಆಡಿ ನೆಲದ ಮೇಲೆ ಬರೆದ ಮನೆ ಸವೆಯಿತು. ಮೇ ತಿಂಗಳಲ್ಲಿ ಬಸ್ಸು ಬಿಟ್ಟರು, ಶಾಲೆ ಬಿಡಲಿಲ್ಲ. ನನ್ನ ಹೆಂಡತಿ ದೀಪ ಆಸ್ಪತ್ರೆಯ ಲ್ಯಾಬಿನವಳು. ಊರಿನ ಮೂಗು ಗಂಟಲೆಲ್ಲ ಅವಳ ಮೇಜಿಗೇ ಬರುತ್ತಿದ್ದ ಕಾಲ, ರಜೆ ಎಂಬ ಪದವನ್ನು ಅಲ್ಲಿ ಯಾರೂ ಉಚ್ಚರಿಸುವಂತಿರಲಿಲ್ಲ. ಮೂರು ದಿನ ಇಂಚರಳನ್ನು ಬಸ್ಸಿನಲ್ಲೇ ಕೂರಿಸಿಕೊಂಡು ಹನೂರಿಗೂ ಕೊಳ್ಳೇಗಾಲಕ್ಕೂ ತಿರುಗಿಸಿದೆ. ನಾಲ್ಕನೇ ದಿನ ಡಿಪೋದಲ್ಲಿ ಮ್ಯಾನೇಜರು, 'ಏನ್ರೀ ಪ್ರಭುಸ್ವಾಮಿ, ಇದು ಬಸ್ಸೋ ಬಾಲವಾಡಿಯೋ' ಎಂದರು. ಪ್ರಾಸ ಚೆನ್ನಾಗಿದೆ ಸಾ ಎಂದೆ, ಅವರು ನಗಲಿಲ್ಲ. ಐದನೇ ದಿನ ಅವಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋದೆ. ಹೌದು, ಬೀಗ. ಮಧ್ಯಾಹ್ನ ಬಂದು ತೆಗೆದಾಗ ಮಗು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅತ್ತಿರಲಿಲ್ಲ. ತಟ್ಟೆಯಲ್ಲಿ ಬಿಟ್ಟುಹೋದ ಚಿತ್ರಾನ್ನ ಹಾಗೇ ಇತ್ತು. ಶಾಲೆಗೆ ಬೀಗ, ಬಸ್ಸಿಗೆ ವೇಗ, ಮಗಳಿಗೆ ಎಲ್ಲಿ ಜಾಗ ಎಂದು ಅವತ್ತು ನನ್ನ ತಲೆಯಲ್ಲಿ ಓಡಿತು. ಪ್ರಾಸ ಕೂಡಿತು, ದಾರಿ ಕೂಡಲಿಲ್ಲ.

ದಾರಿ ತೋರಿಸಿದ್ದು ನಿಮ್ಮತ್ತೆ, ನನ್ನ ಅಕ್ಕ ಶಿವರತ್ನಮ್ಮ. 'ತಂದ್ ಬಿಡ್ಲಾ ಇಲ್ಲಿಗೆ, ನಂ ಮಗೀಗೆ ನಾವ್ ಅನ್ನ ಆಕಕಾಗಲ್ವಾ' ಎಂದಳು. ಅನ್ನ ಹಾಕಿದ್ದು ಅವಳು. ಜಡೆ ಹೆಣೆದದ್ದು, ಉಗುರು ಕತ್ತರಿಸಿದ್ದು, ನೆಟ್‌ವರ್ಕ್ ಹಿಡಿಯಲು ಮಹಡಿ ಹತ್ತಿ ಫೋನು ಎತ್ತಿಕೊಂಡು ನಿಂತು ಆನ್‌ಲೈನ್ ಪಾಠ ಕೇಳಿಸಿದ್ದು ನೀನು. ನಾನು ವಾರದ ರಜೆಗೆ ಬಂದು ಅರ್ಧ ದಿನ ಮಗಳ ಜೊತೆ ಆಡಿ, ನೀನು ಮಾಡಿದ ಅವರೆಕಾಳು ಸಾರು ಹೊಗಳಿ, ಬಸ್ಸು ಹತ್ತುತ್ತಿದ್ದೆ.

ಅವಳಿಗೆ ನಾನೊಂದು ಪದ್ಯ ಕಟ್ಟಿಕೊಟ್ಟಿದ್ದೆ, ನೀನೂ ಕೇಳಿದ್ದೀಯೆ, ಕೇಳಿ ನಕ್ಕಿದ್ದೀಯೆ:

ಹಾಲು ಬಂತು ಫುಸ್ಸು, ಚೀಲ ಬಂತು ಫುಸ್ಸು,
ಹೊರಗಿಂದ ಏನೇ ಬರಲಿ ಎರಡು ಸಲ ಫುಸ್ಸು,
ಒಳಗಿರೋರು ಕ್ಷೇಮ, ಎಲ್ಲರ್ಗೂ ಖುಶಿ ಮನಸ್ಸು.

ಅಂಗಡಿಯ ಸ್ಯಾನಿಟೈಸರ್ ದುಬಾರಿ ಎಂದು ನಾನು ಡಿಪೋದಲ್ಲಿ ಬಸ್ಸಿನ ಸೀಟು ಕಂಬಿಗೆ ಹೊಡೆಯುವ ಔಷಧಿಯನ್ನೇ ಒಂದು ಬಾಟಲಿಗೆ ತುಂಬಿಸಿ ಅವಳಿಗೆ ತಂದುಕೊಟ್ಟಿದ್ದೆ. ಬಾಗಿಲ ಚಿಲಕಕ್ಕೆ ಹೊಡಿ, ಗೇಟಿಗೆ ಹೊಡಿ ಎಂದಿದ್ದೆ. ಆಗಸ್ಟಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮೂರನೇ ಅಲೆ ಬರುತ್ತದೆ, ಅದು ಮಕ್ಕಳಿಗೆ ಬರುತ್ತದೆ. ನಾನೂ ಅವಳ ಮುಂದೆ ಅದನ್ನೇ ಹೇಳಿ ಹೊಸ ಬಾಟಲಿ ಕೊಟ್ಟು ಬಂದೆ.

ಆ ಶನಿವಾರ ಅಕ್ಕನೂ ನಿನ್ನ ಗಂಡ ಕುಮಾರಸ್ವಾಮಿಯೂ ಎರಡನೇ ಡೋಸಿಗೆಂದು ಯಳಂದೂರಿಗೆ ಹೋಗಿ ಸಂಜೆಯವರೆಗೂ ಸಾಲಿನಲ್ಲೇ ನಿಂತರು. ಹುಳುಮನೆಯ ಕಟ್ಟುಪಾಡು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಹೊರಗಾದ ಹೆಂಗಸು ಮೂರು ದಿನ ಆ ಕಡೆ ತಲೆ ಹಾಕುವಂತಿಲ್ಲ. ಭಾವ ಹೋದ ಮೇಲೆ ಅಕ್ಕ ಆ ಹುಳುಮನೆಯನ್ನು ನೆಚ್ಚಿಕೊಂಡೇ ಮನೆ ನಡೆಸಿದವಳು, ಅವಳಿಗೆ ಇವು ಬರೀ ಮಾತಲ್ಲ. ಅವತ್ತೇ ಬೆಳಿಗ್ಗೆ ನೀನು ಹೊರಗಾದೆ. ಹುಳ ಗೂಡು ಕಟ್ಟಲು ಇನ್ನು ಐದಾರು ದಿನ, ರಾಶಿ ಸೊಪ್ಪು ತಿನ್ನುವ ಹೊತ್ತು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಯಾರಿಗೂ ಹೇಳದೆ ನೀನೇ ಒಳಗೆ ಹೋಗಿ ಎರಡು ಹೊತ್ತು ಸೊಪ್ಪು ಹಾಕಿದೆ. ಆ ಸೊಪ್ಪು ಬೆಳಿಗ್ಗೆ ತೋಟದಿಂದ ಬಂದು ಜಗುಲಿಯಲ್ಲಿ ಒದ್ದೆ ಗೋಣಿಯ ಕೆಳಗಿತ್ತು. ನೀನು ಅಡುಗೆಮನೆಯಲ್ಲಿದ್ದಾಗ ಇಂಚರ ಗೋಣಿ ಎತ್ತಿ ಅಷ್ಟೂ ಸೊಪ್ಪಿಗೆ ಬಾಟಲಿ ಖಾಲಿಯಾಗುವವರೆಗೆ ಹೊಡೆದಿದ್ದಾಳೆ. ಹೊರಗಿನಿಂದ ಬಂದದ್ದಲ್ಲವೇ ಅದು. ಆಮೇಲೆ ಕೇಳಿದಾಗ ನನಗೆ ಹೇಳಿದಳು: 'ಮೂರನೇ ಅಲೆ ಮಕ್ಕಳಿಗೆ ಅಂದಿದ್ದಲ್ಲಪ್ಪ, ಅವೂ ಮರಿಗಳೇ ತಾನೆ.'

ಮಾರನೆಯ ದಿನ ನನ್ನ ವಾರದ ರಜೆ. ಹನ್ನೊಂದರ ಬಸ್ಸಿಗೆ ಬಂದಿಳಿದರೆ ಹುಳ ಬಾಯಲ್ಲಿ ಹಸಿರು ನೀರು ಕಾರಿಕೊಂಡು ಹುಳುಮನೆಯ ತಟ್ಟೆ ತಟ್ಟೆಯಲ್ಲೂ ಬಿದ್ದಿದ್ದವು. ಕುಮಾರ ಮಂಕರಿಗೆ ತುಂಬಿ ತಿಪ್ಪೆಗೆ ಹೊರುತ್ತಿದ್ದ. ಒಗೆಯಲು ಹಾಕಿದ್ದ ನಿನ್ನ ಬಟ್ಟೆ ನೋಡಿ ಅಕ್ಕನಿಗೆ ಗೊತ್ತಾಗಿತ್ತು. 'ಒರಗಾದೋಳು ಒಳೀಕ್ ಓದ್ರೆ ಇನ್ನೇನಾದದ್ಲಾ' ಎಂದು ನನ್ನ ಕಡೆ ತಿರುಗಿ ನಿನ್ನನ್ನು ಅಂದಳು. ನೀನು, 'ನಂದೇ ತೆಪ್ಪು ಕಣತ್ತೆ, ಅಸ್ಕಂಡವಲ್ಲ ಅಂತ ಓದೆ' ಎಂದೆ. ಅಷ್ಟೇ. ಮಾರನೆಯ ಬೆಳಿಗ್ಗೆ ಕುಮಾರ ನಿನ್ನನ್ನು ಬೈಕಿನಲ್ಲಿ ಲೊಕ್ಕನಹಳ್ಳಿಗೆ ಬಿಟ್ಟು ಬಂದ. ನಾಲ್ಕು ದಿನ ಇರಲಿ ಅಂದದ್ದು ಎರಡೂವರೆ ತಿಂಗಳಾಯಿತು.

ಇಂಚರ ಇದನ್ನು ನನಗೆ ಹೇಳಿದ್ದು ನೀನು ಹೋಗಿ ಮೂರು ದಿನವಾದ ಮೇಲೆ. ಆಗಲಾದರೂ ನಾನು ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅಕ್ಕ ಮಗುವನ್ನು ವಾಪಸ್ ಕಳಿಸುತ್ತಾಳೆ, ಕಳಿಸಿದರೆ ಮತ್ತೆ ಆ ಬೀಗ. ದೀಪ ಕೆಲಸ ಬಿಡಬೇಕು ಅಥವಾ ನಾನು ಬಿಡಬೇಕು. ಶಾಲೆ ತೆಗೆಯಲಿ, ತೆಗೆದ ದಿನವೇ ಹೇಳಿಬಿಡುತ್ತೇನೆ ಎಂದುಕೊಂಡೆ. ಶಾಲೆ ಇವತ್ತು ತೆಗೆಯುತ್ತದೆ ನಾಳೆ ತೆಗೆಯುತ್ತದೆ ಎನ್ನುತ್ತ ನಿನ್ನ ದಿನಗಳನ್ನು ನಾನು ದೂಡಿದೆ. ನೀನಿಲ್ಲದ ಆ ಮನೆಯಲ್ಲಿ ನನ್ನ ಮಗಳು ಊಟ ಮಾಡಿಕೊಂಡೇ ಇದ್ದಳು. ಅಕ್ಕನೋ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, 'ಇವ್ಳೊಬ್ಳಿಲ್ದಿದ್ರೆ ಈ ಮನೇಲಿ ನಗೋರೇ ಇಲ್ಲ ಕಣ್ಲಾ' ಅನ್ನುತ್ತಿದ್ದಳು. ಕೊನೆಗೂ ಹೋದ ವಾರ ಮಗು ಅಮ್ಮನ ಹತ್ತಿರ ಹೇಳಿಕೊಂಡಿದೆ. ದೀಪ ನನ್ನನ್ನು ಬೈಯಲಿಲ್ಲ. ಬಟ್ಟೆ ಮಡಿಸುತ್ತಲೇ, 'ಶಾಲೆ ಬಾಗ್ಲು ತೆಗೆದಾಯ್ತಲ್ಲ, ಇನ್ನು ನಿಮ್ ಬಾಯೂ ತೆಗೀಬೋದು' ಎಂದಳು. ಇಷ್ಟು ವರ್ಷ ಪ್ರಾಸ ಕಟ್ಟಿದವನು ನಾನು, ಚುಚ್ಚುವಂಥದ್ದು ಅವಳಿಗೆ ಸಿಕ್ಕಿತು.

ನಿನ್ನೆ ವಾರದ ರಜೆಗೆ ಮಾಂಬಳ್ಳಿಗೆ ಹೋಗಿ ಅಕ್ಕನ ಎದುರು ಕೂತು ಹೇಳಿದೆ. ಕುಮಾರನೂ ಇದ್ದ. ಅಕ್ಕ ತಟ್ಟೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ನಿಂಗ್ ಯಾವಾಗ್ ಗೊತ್ತಾಯ್ತಲಾ' ಎಂದಳು. ಮೂರು ದಿನ ಆದ ಮೇಲೆ ಎಂದೆ. 'ಅದೇ ಅಂದ್ಕಂಡೆ. ಅವ್ಳು ಇಲ್ಲಿದ್ದಾಗ್ಲೇ ಗೊತ್ತಿದ್ರೆ ಯೋಳ್ದೆ ಇರ್ತಿದ್ಯಾ, ನೀನ್ ಅಂಥೋನಲ್ಲ' ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, 'ಅವ್ಳು ಒಳೀಕ್ ಓದದ್ದು ತೆಪ್ಪೇಯಾ. ಆದ್ರೆ ಉಳ ಸತ್ತದ್ದು ಅದ್ರಿಂದಲ್ಲ ಅಂದ್ರೆ, ಆಚೀಕ್ ಕಳ್ಸಿದ್ ನಾನೇನಾದೆ' ಎಂದಳು. ಕುಮಾರ ಬೈಕು ತೆಗೆದುಕೊಂಡು ಟೈರಿಗೆ ಗಾಳಿ ಹಿಡಿಸಲು ಹೋದ. ಲೊಕ್ಕನಹಳ್ಳಿ ದಾರಿ ಗುಂಡಿ ದಾರಿ, ಗಾಳಿ ಬೇಕು. ಅವನು ಬಂದರೆ ಕೂಡಲೇ ಹೊರಡಬೇಡ. ಅವನೂ ಅವತ್ತು ಬಾಯಿ ಬಿಡದವನೇ, ಎರಡು ದಿನ ನಿಮ್ಮಪ್ಪನ ಜೊತೆ ಹಂದಿ ಓಡಿಸಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ, ನಿನ್ನ ಗುಣ ನನಗೆ ಗೊತ್ತು. ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ, ಈ ಕಾಗದ ಓದಿದ ಮೇಲೂ ಅವರು ಸ್ವೀಕರಿಸುವುದಾದರೆ. ದೀಪ ನಿನ್ನನ್ನು ಬಹಳ ಕೇಳಿದಳು. ನೀನು ಚೆನ್ನಾಗಿರು, ತಲೆಯೆತ್ತಿಕೊಂಡು ಇರು.

ನಿನ್ನ ಮಾವ,
ಪ್ರಭುಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಮಂಟೇಸ್ವಾಮಿ ಬಸ್ಸು ಸ್ಟಾರ್ಟ್ ಮಾಡಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕೂಡಿಸಿ ಓದಿಕೋ. ಮೂರು ದಿನವಾದ ಮೇಲೆ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಅಕ್ಕನಿಗೂ ನಿನ್ನೆ ಅದೇ ಸುಳ್ಳು ಹೇಳಿದೆ. ನನಗೆ ಆ ಭಾನುವಾರವೇ ಗೊತ್ತಿತ್ತು. ನಾನು ಗೇಟಿನೊಳಗೆ ಕಾಲಿಡುತ್ತಲೇ ಮಗು ಓಡಿ ಬಂದು ಹೇಳಿತು, ಖಾಲಿ ಬಾಟಲಿಯನ್ನು ನಾನೇ ನನ್ನ ಚೀಲಕ್ಕೆ ಹಾಕಿಕೊಂಡೆ. ಅಂಗಳದಲ್ಲಿ ನೀನು ನಂದೇ ತೆಪ್ಪು ಎನ್ನುತ್ತಿದ್ದಾಗ ಇಂಚರ ನಿನ್ನ ಕಡೆ ನೋಡಿ ಬಾಯಿ ತೆಗೆದಳು. ನಾನು ಅವಳ ಗಲ್ಲದ ಕೆಳಗಿದ್ದ ಮಾಸ್ಕನ್ನು ಮೂಗಿನವರೆಗೆ ಎಳೆದು ಅದರ ಮೇಲೆ ಅಂಗೈ ಇಟ್ಟೆ. ನೀನು ನೋಡಿದೆ. ನಾನು ಮಗುವಿನ ಜೋಪಾನ ಮಾಡುತ್ತಿದ್ದೇನೆ ಎಂದು ನೀನು ಅಂದುಕೊಂಡೆ ಅನಿಸುತ್ತದೆ. ಅಳುತ್ತಲೇ, 'ಮಗೀನ ಒಳೀಕ್ ಕರ್ಕಂಡೋಗಿ ಮಾವ, ಇಲ್ಲಿ ನಿಲ್ಬೇಡಿ' ಎಂದೆ. ನಾನು ಕರೆದುಕೊಂಡು ಹೋದೆ. ಈ ಹಾಳೆಯನ್ನು ಕುಮಾರನ ಕೈಗೆ ಕೊಟ್ಟು ಮಾಂಬಳ್ಳಿಗೆ ಕಳಿಸಿ ಅಕ್ಕನ ಎದುರು ಗಟ್ಟಿಯಾಗಿ ಓದಿಸು. ಓದಿಸುವವರೆಗೆ ನೀನು ಲೊಕ್ಕನಹಳ್ಳಿಯಿಂದ ಹೊರಡಬೇಡ.