ಜೋಡುಗುಡ್ಡಕ್ಕೆ ಹೊರಟ ದಿಬ್ಬಣ

ಏರುನೀರಿನ ನೂರ ತೊಂಬತ್ತನೆಯ ವರ್ಷ, ಎಡೆಗಾಳಿಯ ಕೊನೆಯ ದಿನಗಳು.
ಜೋಡುಗುಡ್ಡದ ನೆತ್ತಿಯಿಂದ.

ಒಣನೆಲದಲ್ಲಿ ಬಾಳಿದ ಹಿರಿಯರಿಗೆ ದುರ್ಗಿಯ ನಮಸ್ಕಾರ.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ತಿರುಗಿಸಿದರೆ ಎರಡು ಸಾವಿರದ ಇನ್ನೂರ ಎಪ್ಪತ್ತರ ಆಸುಪಾಸು ಆದೀತು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಮನ್ನಿಸಬೇಕು. ನಿಮ್ಮ ಎಷ್ಟೋ ಪದಗಳು ನಮಗೂ ತಿಳಿಯುವುದಿಲ್ಲ. ವಾರಾಂತ್ಯ ಎಂದರೆ ಏನೆಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತೀರಿಹೋದ ಹಿರಿಯರಿಗೆ ಬರೆದು, ಮೇಣ ಹಚ್ಚಿದ ಸೋರೆಬುರುಡೆಯಲ್ಲಿಟ್ಟು ಕಡಲಿಗೆ ಬಿಡುವುದು ನಮ್ಮ ರೂಢಿ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಹೆಚ್ಚಿನವರು ಅದರಲ್ಲಿ ನಿಮ್ಮನ್ನು ಬೈಯುತ್ತಾರೆ. ನಾನು ಬೈಯಲು ಕೂತಿಲ್ಲ. ನಡೆದದ್ದನ್ನು ಹೇಳಿ, ಒಂದು ಬೇಡಿಕೆ ಇಡುವುದಿದೆ.

ನಾನು ಮೇಲ್ಕೇರಿಯವಳು, ಹಾಯಿ ಹೊಲಿಯುವವಳು. ಮೇಲ್ಕೇರಿ ಎಂದರೆ ನಿಮ್ಮ ಕಾಲದ ಪಟ್ಟಣವೊಂದರ ಬೆನ್ನಿಗಿದ್ದ ಗುಡ್ಡ. ಪಟ್ಟಣ ಈಗ ನೀರಿನಡಿ ಇದೆ. ನಿಮ್ಮ ನೀಲಿ ತಾಡಪಾಲುಗಳು ಮಾತ್ರ ಇನ್ನೂ ಕೊಳೆತಿಲ್ಲ. ಅವನ್ನೇ ಎರಡು ಪದರ ಮಾಡಿ ಹಾಯಿ ಹೊಲಿಯುತ್ತೇನೆ. ನಮಗೆ ವರ್ಷಕ್ಕೆ ಎರಡು ಮಳೆಗಾಲ. ಎರಡರ ನಡುವೆ ಕೆಲವು ವಾರ ಕಡಲು ಮಲಗುತ್ತದೆ. ಆಗ ಬೆಳಿಗ್ಗೆ ನೆಲದಿಂದ ಕಡಲಿಗೂ, ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೂ ಹದವಾದ ಗಾಳಿ ಬೀಸುತ್ತದೆ. ಅದೇ ಎಡೆಗಾಳಿ. ಸಣ್ಣ ದೋಣಿಯಲ್ಲಿ ದೂರ ಹೋಗಲು ಅಷ್ಟೇ ಅವಕಾಶ. ಕೆಲವು ವರ್ಷ ಅದೂ ಬರುವುದಿಲ್ಲ.

ಕುಡಿಯುವ ನೀರನ್ನು ಬೆವರುಬಾನಿಗಳಲ್ಲಿ ಮಾಡಿಕೊಳ್ಳುತ್ತೇವೆ. ಅಗಲದ ಬಾನಿಯಲ್ಲಿ ಉಪ್ಪುನೀರು ತುಂಬಿ, ಮೇಲೆ ಓರೆಯಾಗಿ ಗಾಜು ಹೊದಿಸಿದರೆ ಬಿಸಿಲಿಗೆ ಗಾಜು ಒಳಗಿನಿಂದ ಬೆವರುತ್ತದೆ. ಆ ಬೆವರು ಇಳಿದು ಕೊಡ ಸೇರುತ್ತದೆ. ಗಾಜು ಮಾಡುವ ವಿದ್ಯೆ ನಮಗೆ ಉಳಿದಿಲ್ಲ. ನಿಮ್ಮ ಮುಳುಗಿದ ಮನೆಗಳ ಕಿಟಕಿಗಳಿಂದ ಬಿಚ್ಚಿ ತಂದದ್ದೇ ನಮ್ಮ ಗಾಜು. ಆದ್ದರಿಂದ ಊರಿನಲ್ಲಿ ಎಷ್ಟು ಬಾಯಿ ಇರಬಹುದೆಂಬುದಕ್ಕೆ ಮಿತಿಯಿದೆ. ಅದನ್ನು ಬಾಯಿಲೆಕ್ಕ ಎನ್ನುತ್ತೇವೆ. ಒಬ್ಬರು ತೀರಿಕೊಂಡರೆ, ಇಲ್ಲವೇ ಮದುವೆಯಾಗಿ ಹೊರಗೆ ಹೋದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಕಡಲಿಂದ ಊರಿಗೆ ಹತ್ತುವ ಮೆಟ್ಟಿಲಿಗೆ ಒಂದೇ ಬಾಗಿಲು. ಆ ಬಾಗಿಲನ್ನೂ ಲೆಕ್ಕವನ್ನೂ ಕಾಯುವವನು ನನ್ನ ಅಣ್ಣ ಶಂಭು. ಅವನು ಕೆಟ್ಟವನಲ್ಲ. ನಾವು ಚಿಕ್ಕವರಿದ್ದಾಗ ಹೊರಗಿನವರು ತುಂಬಿಕೊಂಡ ಒಂದು ಬೇಸಿಗೆಯಲ್ಲಿ ನಮ್ಮ ತಮ್ಮ ನೀರಿಲ್ಲದೆ ಹೋದ. ಅಂದಿನಿಂದ ಶಂಭುವಿಗೆ ಲೆಕ್ಕವೇ ದೇವರು.

ಈ ಎಡೆಗಾಳಿ ಶುರುವಾದ ವಾರದಲ್ಲೇ ಜೋಡುಗುಡ್ಡದಿಂದ ಜಟ್ಟಪ್ಪ ಎಂಬವನು ಒಬ್ಬನೇ ದೋಣಿಯಲ್ಲಿ ಬಂದ. ಜೋಡುಗುಡ್ಡ ಎಂದರೆ ಕಡಲೊಳಗೆ ಒತ್ತಿಗೊತ್ತಿ ನಿಂತ ಎರಡು ದ್ವೀಪಗಳು. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದಷ್ಟು ಮನೆಯವರು ಅಲ್ಲಿಗೆ ಹೋಗಿ ನೆಲೆಸಿದ್ದರು. ನಾಲ್ಕು ವರ್ಷಗಳಿಂದ ಗಾಳಿ ಕೈಕೊಟ್ಟು ಹೋಗಿಬರುವುದು ನಿಂತಿತ್ತು. ಕೊನೆಯ ಬಾರಿ ಬಂದಾಗ ಜಟ್ಟಪ್ಪನ ತಮ್ಮನ ಮಗನಿಗೂ, ಶಂಭುವಿನ ಮಗಳು ಜಲಜೆಗೂ ಮಾತಾಗಿತ್ತು. ಈಗ ಆ ಮದುವೆಗೆ ಕರೆಯಲು ಬಂದಿದ್ದ.

"ಹೆಣ್ಣೊಂದನ್ನೇ ಕಳಿಸಬೇಡಿ. ದಿಬ್ಬಣವೇ ಬರಬೇಕು. ಇರುವಷ್ಟೂ ದೋಣಿ ತನ್ನಿ," ಎಂದ.

ಊರಿಗೆ ಹಬ್ಬವೇ ಬಂದಂತಾಯಿತು. ನಮ್ಮ ತಾಂಡೇಲ ಬೊಮ್ಮಯ್ಯ, ಎಂದರೆ ದೋಣಿಗಳ ಯಜಮಾನ, ಹಾಯಿಚಪ್ಪರದಲ್ಲಿ ಎಲ್ಲರನ್ನೂ ಕೂರಿಸಿ ಪ್ರಯಾಣ ಗೊತ್ತುಮಾಡತೊಡಗಿದ. ಏಳು ದೋಣಿ. ಬಲವಾದವರು ಮುಂದೂ ಹಿಂದೂ, ಮಕ್ಕಳು ನಡುವೆ. ಮಾತು ಬಿಟ್ಟ ಓರಗಿತ್ತಿಯರು ಬೇರೆ ಬೇರೆ ದೋಣಿಗೆ. ಮೊದಲ ಅಪಾಯ ಕಡಲಲ್ಲ, ನಿಮ್ಮ ಪಟ್ಟಣ. ಇಳಿತದಲ್ಲಿ ಕಟ್ಟಡಗಳ ತುದಿಗಳು, ಕಬ್ಬಿಣದ ಸರಳುಗಳು ನೀರಿನಿಂದ ಒಂದು ಗೇಣು ಕೆಳಗೆ ಕಾದಿರುತ್ತವೆ. ಹಾಗಾಗಿ ಕಡಲಿನ ಭರತ ಏರಿದ ಮೇಲೆಯೇ ಹೊರಡಬೇಕು, ಬೊಮ್ಮಯ್ಯನ ದೋಣಿಯ ಜಾಡು ಬಿಡಬಾರದು. ಹುರಿದ ಹಲಸಿನ ಬೀಜ, ಒಣಮೀನು, ಮದುಮಗಳ ಮುಡಿಗೆ ಅಬ್ಬಲಿಗೆ. ಬೊಮ್ಮಯ್ಯ ನೀರಿನ ಮಾತೆತ್ತಿದಾಗ ಜಟ್ಟಪ್ಪ ಬೇಗನೆ ಹೇಳಿದ: "ನೀರು ಹೊರೂದು ಬೇಡ. ಭಾರ ಆಗ್ತದೆ. ಅಲ್ಲಿ ಬೇಕಾದಷ್ಟು ಅದೆ."

ನಾನು ನಸುಕಿನಲ್ಲೇ ಚಪ್ಪರಕ್ಕೆ ಹೋಗುವವಳು. ಒಂದು ಬೆಳಿಗ್ಗೆ ನೋಡಿದರೆ, ಒಣಗಲು ಕಟ್ಟಿದ್ದ ಹಾಯಿಗೆ ಜಟ್ಟಪ್ಪ ಮುಖವೊತ್ತಿ ನಿಂತಿದ್ದ. ಕಣ್ಣು ಮುಚ್ಚಿತ್ತು. ಬಟ್ಟೆಯ ಮಡಿಕೆಯಲ್ಲಿ ನಿಂತ ಇಬ್ಬನಿಯನ್ನು ಹೀರುತ್ತಿದ್ದ. ಅವನು ಇಳಿದುಕೊಂಡ ಮನೆಯಲ್ಲಿ ಕೊಡ ತುಂಬ ನೀರಿತ್ತು. ನೀರಿರುವ ದ್ವೀಪದಿಂದ ಬಂದವನಿಗೆ ಈ ಅಭ್ಯಾಸ ಎಲ್ಲಿಂದ ಬಂತು? ಅಂದು ಯಾರಿಗೂ ಹೇಳಲಿಲ್ಲ. ಮರುದಿನವೂ ಹಾಗೆಯೇ ನಿಂತಿದ್ದ.

ಮಧ್ಯಾಹ್ನ ಬಿಸಿಲಿಗೆ ಊರೆಲ್ಲ ಒಳಗೆ ಸೇರಿದಾಗ, ಚಪ್ಪರದಲ್ಲಿ ನಾನು, ಜಲಜೆ ಇಬ್ಬರೇ ಹೊಲಿಯುತ್ತಿದ್ದೆವು. ಜಟ್ಟಪ್ಪ ಹಗ್ಗ ಹೊಸೆಯಲು ಬಂದು ಕೂತ. ನಾನು ಸೂಜಿ ಬಿಡದೆ ಕೇಳಿದೆ: "ಜಟ್ಟಪ್ಪ, ಅಲ್ಲಿ ನೀರು ಇದೆಯಾ?"

ಅವನು ಹಗ್ಗವನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. ಹಿಂದಿನ ವರ್ಷದ ಎರಡನೆಯ ಮಳೆಯಲ್ಲಿ ತೆರೆ ಚಿಕ್ಕ ಗುಡ್ಡದ ಮೇಲೆ ಹತ್ತಿತಂತೆ. ಅಲ್ಲಿದ್ದ ಮನೆಗಳೂ ದೋಣಿಗಳೂ ಒಂದೇ ಸಲಕ್ಕೆ ಹೋದವು. ದೊಡ್ಡ ಗುಡ್ಡದ ಮಳೆತೊಟ್ಟಿ ಬಿರುಕು ಬಿಟ್ಟಿತು, ಬಾನಿಗಳ ಗಾಜು ಪುಡಿಯಾಯಿತು. ದೋಣಿ ಕಟ್ಟಲು ಅಲ್ಲಿ ಒಂದು ಮರವಿಲ್ಲ. ಉಳಿದ ಹಲಗೆ, ಬಾಗಿಲುಗಳನ್ನೆಲ್ಲ ಜೋಡಿಸಿ ಒಂದೇ ಒಂದು ದೋಣಿ ಮಾಡಿ ಇವನನ್ನು ಕಳಿಸಿದ್ದರು. ಎರಡನೆಯ ಮಳೆ ಮತ್ತೆ ಬರುವುದರೊಳಗೆ ಅಲ್ಲಿಂದ ಹೊರಡದಿದ್ದರೆ ಯಾರೂ ಉಳಿಯರು.

"ಮದುವೆ ಅಂದದ್ದು?" ಎಂದೆ.

"ನಿಮ್ಮ ಬಾಯಿಲೆಕ್ಕ ನಮಗೆ ಗೊತ್ತಿಲ್ವಾ ಅಕ್ಕ? ಕಾಪಾಡಿ ಅಂತ ಕೂಗಿದ್ರೆ ಒಂದು ದೋಣಿಯೂ ಇಳೀತಿರ್ಲಿಲ್ಲ. ಮದುವೆಗಾದ್ರೆ ಏಳೂ ಬರ್ತವೆ."

ಜಲಜೆ ತಲೆಯೆತ್ತಿದಳು. "ಹುಡುಗ ಇದ್ದಾನಾ?" ಎಂದಳು.

"ಇದ್ದ," ಎಂದ ಜಟ್ಟಪ್ಪ. "ಹೋದ ಬೇಸಿಗೆವರೆಗೂ ಇದ್ದ."

ಅವಳು ಹಿಡಿದಿದ್ದ ಹೊಲಿಗೆಯನ್ನು ಕೊನೆಯವರೆಗೂ ಹೊಲಿದು, ಗಂಟು ಹಾಕಿ, ದಾರ ಕಡಿದಳು. ಆಮೇಲೆ ಎದ್ದುಹೋಗಿ ಬೊಮ್ಮಯ್ಯನನ್ನು ಕರೆದುಕೊಂಡು ಬಂದಳು.

ಸಂಜೆ ಊರು ಸೇರಿತು. ಜಟ್ಟಪ್ಪ ನಡುವೆ ನಿಂತು ತಾನೇ ಎಲ್ಲವನ್ನೂ ಹೇಳಿದ. ತಾಯಂದಿರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಶಂಭು ಎದ್ದುನಿಂತ.

"ಸುಳ್ಳು ಹೇಳಿ ನಮ್ಮ ಮಕ್ಕಳನ್ನು ನೀರಿಲ್ಲದ ಕಲ್ಲಿಗೆ ಕರೆದುಕೊಂಡು ಹೋಗುವವನಿದ್ದೆ."

"ನಿಜ ಹೇಳಿದ್ರೆ ಬರ್ತಿದ್ರಾ, ಶಂಭಣ್ಣ?"

ಶಂಭು ಊರಿನ ಕಡೆ ತಿರುಗಿ ಹೇಳಿದ: "ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಎಷ್ಟು ತಲೆ ಇಳಿದು ಹೋಗುತ್ತದೋ ಅಷ್ಟೇ ತಲೆ ಹತ್ತಿ ಬರಬೇಕು. ಒಂದು ಹೆಚ್ಚಾದರೂ ಬಾಗಿಲು ತೆಗೆಯುವುದಿಲ್ಲ."

ನಾಲ್ಕು ದೋಣಿಯವರು ಅಲ್ಲೇ ಹಿಂದೆ ಸರಿದರು. ಮೂರು ಉಳಿದವು. ಬೊಮ್ಮಯ್ಯ ಗಡ್ಡ ಕೆರೆಯುತ್ತ, "ಹಾಗಾದ್ರೆ ದೋಣಿ ಖಾಲಿ ಒಯ್ಯೂಕಾಗೂದಿಲ್ಲ. ತುಂಬಿಸಿಯೇ ಒಯ್ಯಬೇಕು," ಎಂದ.

ಆ ಮಾತಿನ ಅರ್ಥ ಒಬ್ಬೊಬ್ಬರಿಗೇ ಇಳಿಯಿತು. ಅಲ್ಲಿಂದ ಒಬ್ಬರನ್ನು ತರಬೇಕಾದರೆ ಇಲ್ಲಿಂದ ಹೋದವರಲ್ಲಿ ಒಬ್ಬರು ಅಲ್ಲೇ ಉಳಿಯಬೇಕು. ಮರುದಿನದಿಂದ ಪ್ರಯಾಣದ ಏರ್ಪಾಡು ಮತ್ತೆ ಮೊದಲಿಂದ ನಡೆಯಿತು. ನಡುವಿನ ಜಾಗದಿಂದ ಮಕ್ಕಳ ಹೆಸರು ಹೋಯಿತು. ಬೊಮ್ಮಯ್ಯ ಯಾರನ್ನೂ ಕರೆಯಲಿಲ್ಲ. ತಲೆ ನರೆತವರು ತಾವಾಗಿಯೇ ಬಂದು, ತಮ್ಮ ಬಟ್ಟೆಗಂಟನ್ನು ದೋಣಿಯೊಳಗಿಟ್ಟು, ಮನೆಗೆ ಹೋದರು. ಮಾತು ಬಿಟ್ಟ ಓರಗಿತ್ತಿಯರಿಬ್ಬರ ಗಂಟುಗಳೂ ಒಂದೇ ದೋಣಿಯಲ್ಲಿದ್ದವು. ನನ್ನದನ್ನೂ ಇಟ್ಟೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಕಣ್ಣು ಸೂಜಿಯ ತೂತನ್ನು ಹುಡುಕತೊಡಗಿ ಎರಡು ವರ್ಷವಾಗಿತ್ತು. ಧೈರ್ಯವಿತ್ತು ಎಂದು ಹೇಳಲಾರೆ.

ಹೊರಡುವ ಬೆಳಿಗ್ಗೆ ಶಂಭು ಬಾಗಿಲ ಬಳಿ ತಲೆ ಎಣಿಸುತ್ತಿದ್ದ. ನನ್ನನ್ನು ಕಂಡು ಅವನ ಬೆರಳು ನಿಂತಿತು.

"ನೀನು ಯಾಕೆ? ಹಾಯಿ ಹೊಲಿಯುವವಳು ಊರಿಗೆ ಬೇಕು."

"ಜಲಜೆಗೆ ಕಲಿಸಿದ್ದೇನೆ ಅಣ್ಣ. ಅವಳು ಎರಡನೆಯ ದೋಣಿಯ ಚುಕ್ಕಾಣಿ ಹಿಡಿದು ಹೋಗಿ, ವಾಪಸು ಬರುತ್ತಾಳೆ."

ಅವನು ಮೆಟ್ಟಿಲು ಹತ್ತಿ ಹೋದ. ಸಿಟ್ಟಾದನೆಂದುಕೊಂಡೆ. ಸ್ವಲ್ಪ ಹೊತ್ತಿಗೆ ತನ್ನ ಮನೆಯ ಬಾನಿಯ ಗಾಜನ್ನೇ ಬಿಚ್ಚಿ, ಕೌದಿಯಲ್ಲಿ ಸುತ್ತಿ ತಂದು ನನ್ನ ಮಡಿಲಿಗಿಟ್ಟ. "ಜೋಪಾನ. ಒಡೆಯಬೇಡ," ಎಂದನಷ್ಟೇ. ದೋಣಿಯ ಹಗ್ಗವನ್ನು ಬಿಚ್ಚಬೇಕಾದವನು ಅವನೇ. ಬಿಚ್ಚಿದ ಮೇಲೂ ಕೈಯಲ್ಲೇ ಹಿಡಿದು ನಿಂತಿದ್ದ. ಬೊಮ್ಮಯ್ಯ ಎರಡು ಸಲ ಕರೆಯಬೇಕಾಯಿತು.

ಗಾಳಿ ಒಳ್ಳೆಯದಿತ್ತು. ಬರುವಾಗಲೇ ನೀರು ಸೋರಿದ ತನ್ನ ದೋಣಿಯನ್ನು ಬಿಟ್ಟು ಜಟ್ಟಪ್ಪನೂ ನಮ್ಮ ದೋಣಿಯಲ್ಲೇ ಬಂದ. ಮುಳುಗಿದ ಪಟ್ಟಣದ ಮೇಲೆ ಹೋಗುವಾಗ ಕೆಳಗೆ ಕಿಟಕಿಗಳ ಸಾಲು ಕಾಣುತ್ತಿತ್ತು, ಅವುಗಳಲ್ಲಿ ಮೀನು ಹೋಗಿಬರುತ್ತಿದ್ದವು. ಬಿಸಿಲೇರಿದ ಮೇಲೆ ಜೋಡುಗುಡ್ಡ ಕಂಡಿತು. ಚಿಕ್ಕ ಗುಡ್ಡವಿದ್ದಲ್ಲಿ ಬರೀ ನೊರೆ. ದೊಡ್ಡ ಗುಡ್ಡದ ಬಂಡೆಯ ಮೇಲೆ ಜನ ಸಾಲಾಗಿ ನಿಂತಿದ್ದರು, ಎಲ್ಲರೂ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು. ದೂರದಿಂದ ನೋಡಿದ ದೋಣಿಗಳು ಹೆದರಿ ತಿರುಗಿಕೊಳ್ಳಬಾರದೆಂದು ಹಾಗೆ ಮಾಡಿದ್ದರು. ಹತ್ತಿರ ಹೋದಾಗ ಅವರ ಒಣಗಿ ಬಿರಿದ ತುಟಿಗಳು ಕಂಡವು. ಯಾರೂ ದೋಣಿಗೆ ಮುಗಿಬೀಳಲಿಲ್ಲ. ಮಕ್ಕಳನ್ನು ಮುಂದೆ ನಿಲ್ಲಿಸಿಯೇ ಇದ್ದರು.

ರಾತ್ರಿ ಕಳೆದು ಮರುದಿನ ಮಧ್ಯಾಹ್ನದ ಗಾಳಿಗೆ ದೋಣಿಗಳು ಹಿಂತಿರುಗಿದವು. ಮಕ್ಕಳು, ಅವರ ತಾಯಂದಿರಲ್ಲಿ ಕೆಲವರು, ಬಂದಷ್ಟೇ ತಲೆ. ಬೊಮ್ಮಯ್ಯ ಎರಡು ಸಲ ಎಣಿಸಿದ. ಕೊನೆಯ ಗಳಿಗೆಯಲ್ಲಿ, ಉಳಿಯಬೇಕಾದ ಹೆಂಗಸೊಬ್ಬಳು ನೀರಿಗಿಳಿದು ಬಂದು ಜಲಜೆಯ ಕಾಲಬುಡದಲ್ಲಿ ಒಂದು ಬುಟ್ಟಿಯಿಟ್ಟಳು. ಅದರಲ್ಲಿ ಹಸುಗೂಸು ಮಲಗಿತ್ತು. ಆ ಮಗುವನ್ನು ಯಾರೂ ಎಣಿಸಿರಲಿಲ್ಲ. ಜಲಜೆ ಬೊಮ್ಮಯ್ಯನನ್ನು ನೋಡಿದಳು. ಬೊಮ್ಮಯ್ಯ ಹಾಯಿಯ ತುದಿಯನ್ನು ನೋಡಿದ. ದೋಣಿ ಹೊರಟಿತು.

ಎಲ್ಲರಿಗೂ ಬಾಗಿಲು ತೆರೆದರೆ, ಮರುದಿನ ನಡುಹಗಲು ಮೇಲ್ಕೇರಿಯ ನೆತ್ತಿಯಿಂದ ಕನ್ನಡಿ ಮಿನುಗಿಸಬೇಕೆಂದು ಮಾತಾಗಿತ್ತು. ಆ ಮರುದಿನ ಮೋಡ ಕವಿಯಿತು. ಅದು ಇನ್ನೂ ಸರಿದಿಲ್ಲ. ನೈರುತ್ಯದಲ್ಲಿ ಗೋಡೆಯ ಹಾಗೆ ಕಪ್ಪಾಗಿ ನಿಂತಿದೆ, ದಿನಕ್ಕಿಷ್ಟು ಹತ್ತಿರ ಬರುತ್ತಿದೆ. ದೋಣಿ ಹತ್ತಲು ಒಪ್ಪದೆ ಉಳಿದ ಜಟ್ಟಪ್ಪ ಬೆಳಿಗ್ಗೆ ಎದ್ದವನೇ ನನ್ನನ್ನು ಕೇಳುತ್ತಾನೆ: "ತೆಗೆದಿರ್ತಾರೆ ಅಲ್ವಾ ಅಕ್ಕ?" ನಾನು "ಅವನು ನನ್ನ ಅಣ್ಣ" ಎನ್ನುತ್ತೇನೆ. ಅದು ಹೌದೆಂಬ ಉತ್ತರವೋ ಅಲ್ಲವೋ ನನಗೇ ಗೊತ್ತಿಲ್ಲ.

ಶಂಭುವಿನ ಗಾಜು ಒಡೆಯದೆ ಬಂತು. ಈ ಮೋಡದಲ್ಲೂ ಇಳಿಯುವ ಅದರ ತುಸು ಬೆವರನ್ನು ಎಲ್ಲರೂ ಬೊಗಸೆಯಲ್ಲಿ ಹಂಚಿಕೊಳ್ಳುತ್ತೇವೆ. ನಿನ್ನೆಯಿಂದ ತೆರೆಯ ಸದ್ದು ಬದಲಾಗಿದೆ. ಬಂಡೆಗೆ ಹೊಡೆಯುವುದಕ್ಕಿಂತ ಬಂಡೆಯ ಕೆಳಗೆ ಏನನ್ನೋ ಎಳೆಯುವ ಸದ್ದು. ಇಲ್ಲಿನ ಹಳಬರು ನೆತ್ತಿಗೆ ಹತ್ತಿ ಕೂತಿದ್ದಾರೆ.

ಈಗ ನನ್ನ ಬೇಡಿಕೆ. ನಿಮ್ಮ ಕಾಲದಲ್ಲಿ ಜನ ಮೋಜಿಗಾಗಿ ಗುಂಪುಕಟ್ಟಿಕೊಂಡು ಇಂಥ ದ್ವೀಪಗಳಿಗೆ ಬರುತ್ತಿದ್ದರಂತೆ, ಸಂಜೆಗೆ ತಿರುಗಿ ಹೋಗುತ್ತಿದ್ದರಂತೆ. ಮುಂದಿನ ಸಲ ಬರುವಾಗ ಸುರಹೊನ್ನೆಯ ಒಂದು ಹಿಡಿ ಬೀಜ ತನ್ನಿ. ಉಪ್ಪುಗಾಳಿಗೆ ಜಗ್ಗದ ಮರ ಅದು, ದೋಣಿಗೆ ಒಳ್ಳೆಯದು. ಈ ಗುಡ್ಡದ ಮೂಡಣ ಮಗ್ಗುಲಲ್ಲಿ, ಗಾಳಿ ತಾಕದ ತಗ್ಗಿನಲ್ಲಿ ಮಣ್ಣಿದೆ. ಅಲ್ಲಿ ಊರಿ ಹೋಗಿ. ಹೆಚ್ಚೇನೂ ಬೇಡ. ನೀವು ನೆಟ್ಟದ್ದು ಬೀಜ ಬಿಟ್ಟು, ಅದು ಮತ್ತೆ ಮರವಾಗಿ, ಇಷ್ಟು ಹೊತ್ತಿಗೆ ಇಲ್ಲಿ ತೋಪೇ ಇರಬೇಕು. ನಮ್ಮಲ್ಲಿ ಕೊಡಲಿಯಿದೆ, ಕಟ್ಟಬಲ್ಲವರಿದ್ದಾರೆ.

ಇದನ್ನು ಬರೆಯಲು ಕೂರುವ ಮುಂಚೆ ಆ ತಗ್ಗಿನವರೆಗೆ ನಡೆದು ಹೋಗಿ ನೋಡಿ ಬಂದೆ. ಅಲ್ಲಿ ಹುಲ್ಲು ಮಾತ್ರ ಇದೆ.

ಈ ಬುರುಡೆಯನ್ನು ಕಡಲಿಗೆ ಬಿಟ್ಟ ಮೇಲೆ, ನಾಳೆ ಮತ್ತೊಮ್ಮೆ ನೋಡುತ್ತೇನೆ.

ಹಾಯಿ ಹೊಲಿಯುವ ದುರ್ಗಿ