ಏಳನೇ ಕೋಣೆಯ ಕಟ್ಟೆ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಪ್ರೀತಿ, ಜೊತೆಗೆ ಒಂದಿಷ್ಟು ಸಿಟ್ಟು.

ನಮ್ಮ ಶಾಲೆಗೆ ನೀನು ಬರೆದ ಹೊಸ ನಕ್ಷೆ ಕೈಸೇರಿತು. ಊಟದ ಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಲೋಟ ಇಟ್ಟು ನೋಡಿದೆ. ಕತ್ತಲೆ ಕಾರಿಡಾರಿನ ಜಾಗದಲ್ಲಿ ಮಕ್ಕಳು ಗುಂಪಾಗಿ ಕೂತು ಓದುವ ಜಾಗ, ಎರಡು ತರಗತಿಗಳನ್ನು ಒಂದು ಮಾಡಲು ಸರಿಸುವ ಗೋಡೆ, ಎಲ್ಲಿ ಕೂತರೂ ಕೈಗೆಟುಕುವ ಪ್ಲಗ್ಗು. ಇಷ್ಟೆಲ್ಲ ನನ್ನ ಮಗಳ ತಲೆಯಲ್ಲಿತ್ತೇ ಎಂದು ಬೀಗಿದೆ. ಆಮೇಲೆ ಏಳನೇ ಕೋಣೆಯ ಮೇಲೆ ಕಣ್ಣು ಬಿತ್ತು. ಅಲ್ಲಿ ಮಾತ್ರ ನಾನು ನಿಂತು ಪಾಠ ಹೇಳುವ ಅದೇ ಎತ್ತರದ ಕಟ್ಟೆ, ಅದೇ ಕರಿಹಲಗೆ, ಅದೇ ಉದ್ದದ ಬೆಂಚುಗಳ ಸಾಲು. ಪಕ್ಕದಲ್ಲಿ ನಿನ್ನ ಅಕ್ಷರ: ಅಮ್ಮನ ಕೋಣೆ, ಇದ್ದ ಹಾಗೇ ಇರಲಿ.

ಇರಬಾರದು. ಅದಕ್ಕೇ ಈ ಪತ್ರ.

ಫೋನಿನಲ್ಲಿ ಕೇಳಿದಾಗ ನೀನೇ ಹೂಂ ಅಂದೆಯಲ್ಲಮ್ಮ ಎನ್ನುತ್ತೀಯ. ಅಂದಿರಬೇಕು. ಆ ಹೂಂ ವಿಷಯ ಸದ್ಯಕ್ಕೆ ಬಿಡು. ಫೋನು ಬಿಟ್ಟು ಪತ್ರ ಯಾಕೆ ಎಂದೂ ನಗಬೇಡ. ನೀನು ಬಾಯಿ ತೆರೆದರೆ ನನಗೆ ಮಾತಾಡಲು ಸಂದು ಸಿಗುವುದಿಲ್ಲ.

ಕಳೆದ ತಿಂಗಳು ಪರೀಕ್ಷಾರ್ಥವಾಗಿ ನನ್ನ ತರಗತಿಗೆ ಟ್ಯಾಬ್ಲೆಟ್‌ಗಳು ಬಂದವು. ನಾನು ಮೂಗು ಮುರಿದೆ. ಪಕ್ಕದ ಕೋಣೆಯ ವಿಜ್ಞಾನದ ಟೀಚರು ನನ್ನ ಅರ್ಧ ವಯಸ್ಸಿನವಳು, ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅವನ್ನು ಬಳಸಲು ಕಲಿಸಿದಳು. ಒಂಚೂರೂ ದಾಕ್ಷಿಣ್ಯ ತೋರಿಸಲಿಲ್ಲ. ಮಾರನೆಯ ದಿನ ಎಂದಿನಂತೆ ಭಿನ್ನರಾಶಿಯ ಸಂಕಲನ ಹೇಳಿಕೊಟ್ಟು, ಎಂದಿನಂತೆ ಅರ್ಥ ಆಯ್ತಾ ಎಂದೆ. ಹೂಂ ಟೀಚರ್ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಆಮೇಲೆ ಒಂದು ಲೆಕ್ಕವನ್ನು ಟ್ಯಾಬ್ಲೆಟ್ಟಿಗೆ ಕಳಿಸಿದೆ. ಹೆಸರಿಲ್ಲದೆ ಉತ್ತರಗಳು ಗೋಡೆಯ ಪರದೆಯ ಮೇಲೆ ಮೂಡತೊಡಗಿದವು, ಯಾವುದು ಯಾರದೆಂದು ನನ್ನ ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಕಾಣುತ್ತಿತ್ತು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದರಲ್ಲಿ ಎರಡು ಎಂದು ಬರೆದವರೇ ಹೆಚ್ಚು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವ ಲೋಕವೊಂದು ನನ್ನ ಕಣ್ಣೆದುರೇ ಇತ್ತು, ನಾನು ಕಟ್ಟೆಯ ಮೇಲೆ ನಿಂತು ಸಂತೋಷವಾಗಿದ್ದೆ.

ಇಳಿದುಹೋಗಿ, ಹಾಗೆ ಬರೆದಿದ್ದ ಕೊನೆಯ ಬೆಂಚಿನ ಹುಡುಗಿಯ ಪಕ್ಕ ಕೂತೆ. ತಿಳೀದೆ ಇದ್ರೂ ಹೂಂ ಅಂದೆ ಯಾಕೆ ಮಗು ಎಂದು ಕೇಳಿದೆ. ಎಲ್ರೂ ಅಂದ್ರು ಟೀಚರ್, ನಾನೊಬ್ಳು ಇಲ್ಲ ಅಂದ್ರೆ ನೀವು ಮತ್ತೆ ಮೊದಲಿಂದ ಹೇಳ್ಬೇಕಾಗ್ತಿತ್ತು, ನಿಮಗೆ ಬೇಜಾರಾಗುತ್ತೆ ಅಂತ ನಾನೂ ಹೂಂ ಅಂದೆ ಎಂದಳು. ನನ್ನ ಮೇಲಿನ ಕನಿಕರಕ್ಕೆ ಲೆಕ್ಕ ಬಿಟ್ಟುಕೊಟ್ಟ ಮಗುವನ್ನು ಹೇಗೆ ಬೈಯಲಿ?

ಅಂದಿನಿಂದ ಆ ಸಾಮೂಹಿಕ ಹೂಂ ನನ್ನ ತರಗತಿಯಲ್ಲಿ ನಿಷಿದ್ಧ. ಸ್ವಲ್ಪ ಪಾಠ, ಒಂದು ಲೆಕ್ಕ, ಪರದೆಯ ಮೇಲೊಂದು ನೋಟ, ಆಮೇಲೆ ತಪ್ಪಿದವರ ಹತ್ತಿರ ನಾನೇ ಹೋಗುತ್ತೇನೆ. ಹೋಗುವುದು ಹೇಗೆ, ಅದನ್ನು ಹೇಳು. ಬೆಂಚಿನ ನಡುವೆ ಕೂತ ಮಗುವನ್ನು ತಲುಪಲು ಮೂವರನ್ನು ಎಬ್ಬಿಸಬೇಕು. ಕೂರುವ ರೀತಿ ಬದಲಾಗದೆ ಕೈಗೆ ಯಂತ್ರ ಬಂದರೆ ಅದೊಂದು ಹೊಳೆಯುವ ಸ್ಲೇಟು, ಅಷ್ಟೇ.

ಆದ್ದರಿಂದ ಕಟ್ಟೆ ಒಡೆಸು. ಸುಲಭವಾಗಿ ಜರುಗಿಸುವ ಚಿಕ್ಕ ಮೇಜುಗಳನ್ನು ಹಾಕು, ಪ್ರತಿ ಮಗುವಿನ ಮುಖ, ತುಟಿ ನನಗೆ ಕಾಣುವ ಹಾಗಿರಲಿ. ಸದ್ದು ಹೀರಿಕೊಳ್ಳುವ ಚಾವಣಿ ಬೇಕೇ ಬೇಕು. ಕರಿಹಲಗೆ ಇರಲಿ, ಆದರೆ ಮಕ್ಕಳ ಎತ್ತರಕ್ಕೆ.

ಹೆಡ್‌ಮಾಸ್ಟರಿಗೆ ಇದೆಲ್ಲ ಹಿಡಿಸಿಲ್ಲ. ನಿಮ್ಮ ನೆನಪಿಗೆ ಅಂತ ಒಂದು ಕೋಣೆ ಇರ್ಲಿ ಬಿಡಿ ಮೇಡಂ ಎನ್ನುತ್ತಾರೆ. ನಾನಿನ್ನೂ ಬದುಕಿದ್ದೀನಿ ಸಾರ್, ನಾಳೆ ಬೆಳಗ್ಗೆ ಕ್ಲಾಸೂ ಇದೆ ಎಂದು ಬಂದೆ. ಗುರುವಾರ ಕಟ್ಟಡ ಸಮಿತಿಯ ಸಭೆ. ನಕ್ಷೆಗೆ ಒಮ್ಮೆ ಮೊಹರು ಬಿದ್ದರೆ ಮುಗಿಯಿತು, ಆ ಕೋಣೆ ಹಾಗೇ ಉಳಿಯುತ್ತದೆ. ತಿದ್ದಿದ ನಕ್ಷೆ ಹಿಡಿದುಕೊಂಡೇ ಬಾ. ಜಗಳಕ್ಕೆ ನಾನಿದ್ದೇನೆ.

ನಿನ್ನ ಹಠಮಾರಿ
ಅಮ್ಮ

ತಾ.ಕ.: ಬಿಡು ಎಂದ ವಿಷಯವನ್ನು ನನಗೇ ಬಿಡಲಾಗುತ್ತಿಲ್ಲ. ಕೋಣೆ ಉಳಿಸಲೇ ಎಂದು ನೀನು ಕೇಳಿದ್ದು ನನಗೆ ಕೇಳಿಸಿರಲೇ ಇಲ್ಲ. ಒಂದು ವರ್ಷವಾಯಿತು, ಬಲಗಿವಿ ಪೂರ್ತಿ ಹೋಗಿದೆ, ಎಡದ್ದು ಅರ್ಧಂಬರ್ಧ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಫೋನಿನಲ್ಲಿ ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ನಿನಗೆ ಬೇಜಾರಾಗುತ್ತದೆಂದು ಹೂಂ ಎನ್ನುತ್ತೇನೆ. ಗುರುವಾರ ಸಭೆಯಲ್ಲಿ ನಾನೇ ಎಲ್ಲರಿಗೂ ಹೇಳುತ್ತೇನೆ. ನೀನು ನನ್ನ ಎಡಗಡೆ ಕೂರು. ನಾನು ಯಾವುದಕ್ಕಾದರೂ ಹೂಂ ಅಂದರೆ ನಂಬಬೇಡ, ಮತ್ತೆ ಮೊದಲಿನಿಂದ ಹೇಳು.