ಅಣ್ಣ ಬಿಗಿದ ಹಗ್ಗ

ಅಣ್ಣಾ,

ಬಾಡಿಗೆ ಲಾರಿ ಮೊನ್ನೆ ಸಂಜೆ ಅಂತೂ ಹೊಸ ಮನೆಯ ಬಾಗಿಲಿಗೆ ಬಂದು ನಿಂತಿತು. ದಾರಿಯುದ್ದಕ್ಕೂ ಎತ್ತಿ ಎತ್ತಿ ಹಾಕಿ ನನ್ನ ಸೊಂಟ ಬಿದ್ದುಹೋಗಿದೆ, ಇವರಿಗೆ ಧೂಳಿನ ಕೆಮ್ಮು. ಆದರೆ ಹಿಂದೆ ತುಂಬಿದ ಸಾಮಾನಿನಲ್ಲಿ ಒಂದು ಲೋಟವೂ ಅಲುಗಿಲ್ಲ! ನೀನು ಹಾಕಿದ ಗಂಟುಗಳ ಜೊತೆ ಗುದ್ದಾಡಿ ಡ್ರೈವರ್ ಬೆವತುಹೋದ.

"ಯಾರಮ್ಮಾ ಇದನ್ನ ಕಟ್ಟಿದ್ದು? ಚಾಕು ಕೊಡಿ, ಕೊಯ್ದು ಬಿಸಾಕ್ತೀನಿ" ಅಂದ.

"ನಮ್ಮಣ್ಣ ಕಟ್ಟಿದ್ದು. ಚಾಕು ತಾಗಿಸಿದ್ರೆ ನೋಡಿ!" ಎಂದವಳೇ ಲಾರಿ ಹತ್ತಿ ಕೂತು, ಉಗುರು ಮುರಿದುಕೊಂಡು ಒಂದೊಂದಾಗಿ ಬಿಚ್ಚಿದೆ. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ನೋಡಲಿ.

ಹೊರಡುವ ದಿನ ನೀನು ನನ್ನ ಜೊತೆ ಒಂದು ಮಾತೂ ಆಡದೆ ಹಗ್ಗ ಬಿಗಿಯುತ್ತಲೇ ಇದ್ದೆ. ಸಿಟ್ಟು ಬಂದಿದೆ ಅಂದುಕೊಂಡಿದ್ದೆ. ಬಿಚ್ಚುವಾಗ ನೋಡಿದರೆ, ಒಂದು ಸುತ್ತು ಸಾಕಾಗುತ್ತಿದ್ದ ಕಡೆಯೆಲ್ಲ ನಾಲ್ಕು ನಾಲ್ಕು ಸುತ್ತಿದ್ದೀಯ.

ಬಟ್ಟೆ ಬೀರುವಿನ ಹಗ್ಗವನ್ನು ಮಾತ್ರ ನಾನು ಮುಟ್ಟಿಲ್ಲ. ಇವರು ಪ್ರಯಾಣದ ಅಂಗಿಯಲ್ಲೇ ಹೊಸ ಕೆಲಸಕ್ಕೆ ಹೋಗಿಬಂದು ಗೊಣಗುತ್ತಿದ್ದಾರೆ. ಗೊಣಗಲಿ.

ಅಂಚೆಯವನು ಪಕ್ಕದ ಮನೆಯವರೆಗೆ ಬಂದಾಯಿತು, ಅವನ ಕೈಗೇ ಇದನ್ನು ಕೊಡುತ್ತೇನೆ. ಬೀರುವನ್ನು ನೀನೇ ಬಂದು ಬಿಚ್ಚು.

ನಿನ್ನ ತಂಗಿ